ಕನ್ನಡಿ ಬಿಚ್ಚಿದ ಬೈಕು

ಇಪ್ಪತ್ತೇಳು ವರ್ಷ ಸಿಟಿ ಬಸ್ಸು ಓಡಿಸಿದ ಡ್ರೈವರು ಈಗ ಎಂಟು ತಿಂಗಳಿಂದ ಡಿಪೋದ ಹಿಂಭಾಗದ ಒಂದು ಕೋಣೆಯಲ್ಲಿ ಕುರ್ಚಿ ಬಿಸಿ ಮಾಡುತ್ತಿದ್ದ. ಪ್ರಯಾಣಿಕರು ಮರೆತು ಬಿಟ್ಟುಹೋದ ಸಾಮಾನುಗಳ ಕೋಣೆ ಅದು. ಛತ್ರಿಗಳು, ಊಟದ ಡಬ್ಬಿಗಳು, ಒಂಟಿ ಚಪ್ಪಲಿಗಳು, ಒಂದು ಹೊಲಿಗೆ ಯಂತ್ರ. ಹೊಲಿಗೆ ಯಂತ್ರವನ್ನು ಬಸ್ಸಿನಲ್ಲಿ ಮರೆತು ಇಳಿದುಹೋಗುವುದು ಹೇಗೆ ಎಂದು ಅವನು ಎರಡು ದಿನ ತಲೆ ಕೆಡಿಸಿಕೊಂಡ. ಮೂರನೆಯ ದಿನ ಮಾಡಲು ಬೇರೆ ಕೆಲಸವಿಲ್ಲದೆ ಮತ್ತೆ ಅದನ್ನೇ ಯೋಚಿಸಿದ. ಇಷ್ಟು ಹೇಳಿದರೆ ಆ ಕೋಣೆಯ ಬಗ್ಗೆ ಎಲ್ಲ ಹೇಳಿದ ಹಾಗೆ.

ಅವನು ಅಲ್ಲಿಗೆ ಬಂದದ್ದು ಶಿಕ್ಷೆಯಾಗಿ ಅಲ್ಲ. ಹೋದ ವರ್ಷ ಒಂದು ಬೆಳಿಗ್ಗೆ, ಸ್ಟಾಪಿನಿಂದ ಬಸ್ಸು ಎತ್ತುವಾಗ, ಪಕ್ಕದಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದ ಎಲೆಕ್ಟ್ರಿಷಿಯನ್ ಒಬ್ಬ ಜಾರಿ ಹಿಂದಿನ ಚಕ್ರದ ಕೆಳಗೆ ಸಿಕ್ಕಿದ. ಜೀವ ಉಳಿಯಿತು, ಒಂದು ಕಾಲು ಮೊಣಕಾಲಿನ ಕೆಳಗೆ ಹೋಯಿತು. ಸ್ಟಾಪಿನ ಎದುರಿನ ಅಂಗಡಿಯವನು ಎಲ್ಲವನ್ನೂ ಕಣ್ಣಾರೆ ಕಂಡಿದ್ದ: ಒದ್ದೆಯಾಗಿದ್ದ ಮೋರಿಯ ಕಬ್ಬಿಣದ ಮುಚ್ಚಳದ ಮೇಲೆ ಸೈಕಲ್ಲಿನ ಚಕ್ರ ಜಾರಿತು, ಡ್ರೈವರದು ಎಳ್ಳಷ್ಟೂ ತಪ್ಪಿಲ್ಲ. ವಿಚಾರಣೆಯವರೂ ಹಾಗೆಯೇ ಬರೆದರು. ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದ ಎಲೆಕ್ಟ್ರಿಷಿಯನ್ನೂ ಅದನ್ನೇ ಹೇಳಿದ. ಒಪ್ಪದವನು ಡ್ರೈವರೊಬ್ಬನೇ. "ನಾನು ನೋಡಲಿಲ್ಲ," ಎಂದು ವಿಚಾರಣೆಯಲ್ಲಿ ಹೇಳಿದ. "ಬಾಗಿಲ ಕಡೆ ಕನ್ನಡಿ ನೋಡದೆ ಗಾಡಿ ಎತ್ತಿಬಿಟ್ಟೆ." ಹೆಂಡತಿಗೂ ಅದನ್ನೇ ಹೇಳಿದ, ಮಗಳಿಗೂ ಅದನ್ನೇ. ಕೇಳದವರಿಗೂ ಹೇಳಿದ.

ಒಂದು ತಿಂಗಳ ರಜೆ ಮುಗಿಸಿ ಮತ್ತೆ ಸ್ಟೀರಿಂಗ್ ಹಿಡಿದಾಗ ಅವನ ಕಣ್ಣು ಬಾಗಿಲ ಕಡೆಯ ಕನ್ನಡಿಯನ್ನು ಬಿಟ್ಟು ಏಳಲೇ ಇಲ್ಲ. ಕನ್ನಡಿಯಲ್ಲಿ ಯಾರ ನೆರಳು ಸುಳಿದರೂ ಬ್ರೇಕು. ನಿಂತ ಪ್ರಯಾಣಿಕರು ಒಬ್ಬರ ಮೇಲೊಬ್ಬರು ಬೀಳುವರು. ಒಬ್ಬ ಹೆಂಗಸು ನಡುದಾರಿಯಲ್ಲೇ ಇಳಿದು, "ನಡ್ಕೊಂಡು ಹೋದ್ರೆ ಬೇಗ ಸೇರ್ತೀನಿ," ಎಂದು ಹೇಳಿ ಹೋದಳು, ಹಾಗೆಯೇ ಬೇಗ ಸೇರಿದಳು ಕೂಡ. ಕೊನೆಗೊಂದು ದಿನ ಕನ್ನಡಿಯಲ್ಲೇ ಕಣ್ಣು ನೆಟ್ಟುಕೊಂಡು, ಮುಂದೆ ಆನೆಯ ಹಾಗೆ ನಿಂತಿದ್ದ ನೀರಿನ ಟ್ಯಾಂಕರಿಗೆ ಮೆಲ್ಲಗೆ ಹೋಗಿ ಗುದ್ದಿದ. ಕಣ್ಣಿನ ಡಾಕ್ಟರು ಪರೀಕ್ಷಿಸಿ, ಹದಿನೆಂಟರ ಹುಡುಗನ ಕಣ್ಣು ಎಂದರು. ಡಿಪೋ ಇನ್‌ಸ್ಪೆಕ್ಟರು ಪಕ್ಕದಲ್ಲಿ ಕೂತು ಒಂದು ಸಲ ಮರುಪರೀಕ್ಷೆ ಮಾಡಿದರು. ಡ್ರೈವರು ಡಿಪೋದ ಗೇಟು ದಾಟುವಷ್ಟರಲ್ಲೇ ಫೇಲಾದ. ಇನ್ನು ಉಳಿದದ್ದು ಒಂದೇ ಅವಕಾಶ, ಬರುವ ಮಂಗಳವಾರ. ಅದೂ ಹೋದರೆ ನಿವೃತ್ತಿಯವರೆಗೆ ಛತ್ರಿ ಕಾಯುವುದೇ.

ಅವನಿಗೆ ಬಸ್ಸೆಂದರೆ ಜೀವ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಖಾಲಿ ರಸ್ತೆಯ ಮೇಲೆ ಅಷ್ಟು ದೊಡ್ಡ ಗಾಡಿ ಎರಡು ಬೆರಳಿಗೆ ತಿರುಗುವಾಗ ಆಗುವ ಖುಷಿ ಮನೆಯಲ್ಲಿ, ಹೊರಗೆ, ಎಲ್ಲಿಯೂ ಅವನಿಗೆ ಸಿಕ್ಕಿದ್ದಿಲ್ಲ. ಹೆಂಡತಿಗೆ ಇದು ಗೊತ್ತಿತ್ತು, ಅವಳೇನೂ ಬೇಜಾರು ಮಾಡಿಕೊಂಡಿರಲಿಲ್ಲ. ಆದರೆ ಈಗ ಸಂಜೆ ಐದೂವರೆಗೇ ಮನೆಗೆ ಬಂದು ಮುಖ ಸಪ್ಪಗೆ ಮಾಡಿಕೊಂಡು ಕೂರುವ ಗಂಡನನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ತಿಳಿದದ್ದು ಮಗಳಿಗೆ, ಅಥವಾ ತಿಳಿದಿದೆ ಎಂದು ಅವಳು ಅಂದುಕೊಂಡಳು. ಅವಳು ಬೈಕ್ ರಿಪೇರಿ ಅಂಗಡಿಯಲ್ಲಿ ಮೆಕ್ಯಾನಿಕ್. ಇಪ್ಪತ್ತಾರು ವರ್ಷ, ಉಗುರಿನ ಸಂದಿಯಲ್ಲಿ ಯಾವಾಗಲೂ ಕಪ್ಪು ಗ್ರೀಸು, ಬಾಯಿ ಅಮ್ಮನದು, ಹಟ ಅಪ್ಪನದು. ಊರಾಚೆಯ ರೇಸ್ ಟ್ರ್ಯಾಕಿನಲ್ಲಿ ತಿಂಗಳಿಗೊಂದು ಭಾನುವಾರ ಸಾಮಾನ್ಯ ಜನರಿಗೂ ಬೈಕು ಓಡಿಸಲು ಬಿಡುತ್ತಾರೆ. ರೇಸಲ್ಲ, ಬಹುಮಾನವಿಲ್ಲ, ಎದುರಿನಿಂದ ಗಾಡಿ ಬಾರದ, ನಾಯಿ ಅಡ್ಡ ಬಾರದ ರಸ್ತೆಯಲ್ಲಿ ಕಲಿತು ಓಡಿಸುವುದು, ಅಷ್ಟೇ. ಅವಳು ಮೂರು ಸಲ ಹೋಗಿ ಬಂದಿದ್ದಳು.

"ಭಾನುವಾರ ಟ್ರ್ಯಾಕಿಗೆ ಬಾ ಅಪ್ಪ," ಎಂದಳು ಒಂದು ಸಂಜೆ, ಊಟಕ್ಕೆ ಕೂತಾಗ.

"ಯಾಕೆ, ನಿಂಗೆ ಸ್ಪ್ಯಾನರ್ ಹಿಡ್ಕೊಂಡು ನಿಲ್ಲೋಕೆ ಆಳು ಬೇಕಾ?"

"ಓಡಿಸೋಕೆ. ನಿನ್ನ ಹೆಸರೂ ಬರೆಸಿದೀನಿ."

ಅಮ್ಮ ಸೌಟು ಕೆಳಗಿಟ್ಟಳು. "ಇವರಿಗೆ ಐವತ್ತಮೂರು ಕಣೇ. ಈ ವಯಸ್ಸಲ್ಲಿ ಗಾಣದೆತ್ತಿನ ಥರ ಒಂದೇ ಕಡೆ ಸುತ್ತೋಕೆ ಅಷ್ಟು ದೂರ ಹೋಗಬೇಕಾ?"

"ಅಲ್ಲಿ ಗಾಡಿ ಒಳಗೆ ಬಿಡೋ ಮುಂಚೆ ಕನ್ನಡಿ ಬಿಚ್ಚಿಸ್ತಾರಮ್ಮ," ಎಂದಳು ಮಗಳು, ಅಪ್ಪನನ್ನು ನೋಡುತ್ತ. "ಎರಡೂ ಕನ್ನಡಿ. ಹಿಂದೆ ತಿರುಗಿ ನೋಡೋ ಹಾಗೂ ಇಲ್ಲ."

ಡ್ರೈವರ ಕೈ ತಟ್ಟೆಯ ಮೇಲೇ ನಿಂತಿತು. ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆ ಮನೆಯಲ್ಲಿ ಅದನ್ನು ಒಪ್ಪಿಗೆ ಎಂದೇ ಲೆಕ್ಕ ಹಿಡಿಯುತ್ತಿದ್ದರು.

ಶನಿವಾರ ಅಂಗಡಿಯಲ್ಲಿ ಮಗಳು ಅವನ ಹಳೆಯ ಬೈಕನ್ನು ಸ್ಟ್ಯಾಂಡಿಗೆ ಹಾಕಿದಳು. ಹತ್ತು ವರ್ಷ ಡಿಪೋಗೆ ಹೋಗಿಬಂದ ಗಾಡಿ, ಎಂಟು ತಿಂಗಳಿಂದ ಬಟ್ಟೆ ಹೊದ್ದುಕೊಂಡು ಮಲಗಿತ್ತು. ಟೈರು ಬದಲಾಯಿಸಿದಳು, ಚೈನು ಬಿಗಿದಳು, ಬ್ರೇಕಿನ ಎಣ್ಣೆ ಹೊಸದು ಹಾಕಿದಳು. ಬಿದ್ದರೆ ಗಾಜು ಚೂರಾಗಿ ಹರಡಬಾರದೆಂದು ಮುಂದಿನ ಹಿಂದಿನ ದೀಪಗಳಿಗೆಲ್ಲ ಅಗಲದ ಟೇಪು ಸುತ್ತಿದಳು. ಕೊನೆಗೆ ಸ್ಪ್ಯಾನರನ್ನು ಅವನ ಕೈಗೇ ಕೊಟ್ಟು, "ಕನ್ನಡಿ ನೀನೇ ಬಿಚ್ಚು," ಎಂದಳು.

ಎರಡು ನಟ್ಟಿನ ಕೆಲಸ, ಎರಡು ನಿಮಿಷದ್ದು. ಅವನು ಕಾಲು ಗಂಟೆ ತೆಗೆದುಕೊಂಡ. ಬಿಚ್ಚಿದ ಮೇಲೆ ಹ್ಯಾಂಡಲ್ಲು ಬೋಳುಬೋಳಾಗಿ ಕಂಡಿತು. ತನ್ನ ಮುಖ ಮಗಳಿಗೆ ಕಾಣಬಾರದೆಂದು ಕೈ ತೊಳೆಯಲು ನಲ್ಲಿಯ ಹತ್ತಿರ ಹೋದ.

ಭಾನುವಾರ ಮಗಳ ಗೆಳತಿಯ ವ್ಯಾನಿನಲ್ಲಿ ಎರಡು ಬೈಕು ಕಟ್ಟಿಕೊಂಡು ಹೊರಟರು. ಓಡಿಸಿದ್ದು ಮಗಳು. ಡ್ರೈವರು ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ತನ್ನ ಕಡೆಯ ಕನ್ನಡಿ ನೋಡುತ್ತ, "ಸ್ಕೂಟರ್ ಬರ್ತಿದೆ, ಹುಷಾರು," "ಲಾರಿ ಬರ್ತಿದೆ," ಎಂದು ವರದಿ ಒಪ್ಪಿಸುತ್ತಲೇ ಇದ್ದ. ಅವಳು ಹಲ್ಲು ಕಚ್ಚಿಕೊಂಡು ಸಹಿಸಿದಳು.

ಟ್ರ್ಯಾಕು ನೋಡಲು ಅಂಥದ್ದೇನೂ ಇರಲಿಲ್ಲ. ಬಯಲಿನ ನಡುವೆ ಹಾವಿನ ಹಾಗೆ ಹೊರಳಿಕೊಂಡು ಬಿದ್ದ ಟಾರು ರಸ್ತೆ, ಅಂಚಿಗೆ ಕೆಂಪು ಬಿಳಿ ಬಣ್ಣ, ಆಚೆ ಜಲ್ಲಿ, ಅದರಾಚೆ ಹುಲ್ಲು. ತಗಡಿನ ಮಾಡಿನ ಉದ್ದನೆಯ ಶೆಡ್ಡು. ಶೆಡ್ಡಿನ ಬಾಗಿಲಲ್ಲಿ ಕಡ್ಡಿಯಂಥ ಒಬ್ಬ ಮನುಷ್ಯ ಪ್ರತಿ ಬೈಕಿನ ಚೈನು ಎಳೆದು, ಟೈರು ಒತ್ತಿ, ಎಣ್ಣೆ ಸೋರುತ್ತದೆಯೇ ಎಂದು ಬಗ್ಗಿ ನೋಡಿ, ಸರಿಯಿದ್ದರೆ ಒಂದು ಚೀಟಿ ಅಂಟಿಸುತ್ತಿದ್ದ. ಆ ಶ್ರದ್ಧೆ ಡ್ರೈವರಿಗೆ ಹಿಡಿಸಿತು. ಡಿಪೋದಲ್ಲಿ ಇಂಥವನೊಬ್ಬ ಇರಬೇಕಿತ್ತು ಎಂದುಕೊಂಡ.

ಹಿಡಿಸದೆ ಹೋದದ್ದು ಚರ್ಮದ ಉಡುಪು. ಕುತ್ತಿಗೆಯಿಂದ ಕಾಲಿನವರೆಗೆ ಒಂದೇ ತುಂಡು, ಬಾಡಿಗೆಯದು. ಬೈಕಿನ ಮೇಲೆ ಬಗ್ಗಿ ಕೂತವನ ಮೈಗೆ ಹೊಂದುವಂತೆ ಹೊಲಿದಿರುವುದರಿಂದ ಅದನ್ನು ತೊಟ್ಟು ನೆಟ್ಟಗೆ ನಿಲ್ಲಲಾಗುವುದಿಲ್ಲ. ನೆಲದ ಮೇಲೆ ಏನೋ ಕಳೆದುಕೊಂಡು ಹುಡುಕುವವನ ಹಾಗೆ ಅವನು ಶೆಡ್ಡಿನ ತುಂಬ ಬಗ್ಗಿಕೊಂಡೇ ಓಡಾಡಿದ. ಅಲ್ಲಿ ಇದ್ದವರೆಲ್ಲ ಹಾಗೆಯೇ ಓಡಾಡುತ್ತಿದ್ದುದರಿಂದ ಯಾರೂ ನಗಲಿಲ್ಲ, ಮಗಳೊಬ್ಬಳನ್ನು ಬಿಟ್ಟು.

ಹೊಸಬರ ಗುಂಪಿಗೆ ಕಲಿಸುವವರು ವಾರದ ಆರು ದಿನ ಜನರ ಹಲ್ಲು ಕೀಳುವ ಡಾಕ್ಟರು. ಅಲ್ಲಿ ಎಲ್ಲರೂ ಅವರನ್ನು ಹಲ್ಲಿನ ಡಾಕ್ಟರೆಂದೇ ಕರೆಯುತ್ತಿದ್ದರು. ಹತ್ತು ಜನರನ್ನು ಬೆಂಚಿನ ಮೇಲೆ ಕೂರಿಸಿ, ರೋಗಿಗೆ ಧೈರ್ಯ ಹೇಳುವ ದನಿಯಲ್ಲೇ ಶುರುಮಾಡಿದರು. ಹಳದಿ ಬಾವುಟ ಕಂಡರೆ ಮುಂದೆ ಏನೋ ಆಗಿದೆ, ನಿಧಾನ. ಕೆಂಪು ಕಂಡರೆ ಎಲ್ಲರೂ ವೇಗ ಇಳಿಸಿ ವಾಪಸ್ಸು. ಕಪ್ಪು ಬಾವುಟ ತೋರಿಸಿ ನಿಮ್ಮ ಕಡೆ ಬೆರಳು ಮಾಡಿದರೆ ನೀವೇನೋ ಎಡವಟ್ಟು ಮಾಡಿದ್ದೀರಿ, ಬಂದು ನನ್ನ ಮುಖ ನೋಡಿ. ಹೊರಗೆ ಬರುವಾಗ ಕೈ ಎತ್ತಿ.

"ಇನ್ನು ಮುಖ್ಯವಾದ ಮಾತು," ಎಂದರು. "ಇಲ್ಲಿ ಮುಂದಿರೋರಿಗೆ ಒಂದೇ ಕೆಲಸ, ಮುಂದೆ ನೋಡೋದು. ಹಿಂದಿನಿಂದ ಬರೋನು ನಿಮ್ಮನ್ನ ನೋಡ್ಕೊಂಡು, ಜಾಗ ನೋಡ್ಕೊಂಡು ದಾಟ್ತಾನೆ. ಅದು ಅವನ ಜವಾಬ್ದಾರಿ, ನಿಮ್ಮದಲ್ಲ. ದಾರಿ ಬಿಡೋಕೆ ಹೋಗ್ಬೇಡಿ. ನೀವು ಹೇಗೆ ಹೋಗ್ತಿದ್ರೋ ಹಾಗೇ ಹೋಗಿ."

ಡ್ರೈವರು ಕೈ ಎತ್ತಿದ. "ಸಾರ್, ಅವನಿಗೆ ನಾನು ಕಾಣಿಸದೇ ಹೋದ್ರೆ?"

"ಕಾಣಿಸ್ತೀರಿ. ಅವನ ಮುಂದೆ ಇರ್ತೀರಲ್ಲ."

"ಆದ್ರೂ ಸಾರ್..."

"ಆದ್ರೂ ಗೀದ್ರೂ ಏನಿಲ್ಲ," ಎಂದರು ಡಾಕ್ಟರು, ಹಲ್ಲು ಕೀಳುವ ಮುಂಚೆ ನಗುವ ಹಾಗೆ ನಗುತ್ತ. ಮಗಳು ಮೊಣಕೈಯಿಂದ ಅಪ್ಪನನ್ನು ತಿವಿದಳು.

ಮೊದಲ ಸುತ್ತುಗಳಲ್ಲಿ ಡಾಕ್ಟರೇ ಮುಂದೆ ಹೋಗಿ ದಾರಿ ತೋರಿಸಿದರು. ತಿರುವಿನ ಹೊರಗಿನ ಅಂಚಿನಿಂದ ಬಂದು, ಕಿತ್ತಳೆ ಬಣ್ಣದ ಕೋನು ಇಟ್ಟಿರುವ ಒಳಮೂಲೆಯನ್ನು ಸವರಿ, ಮತ್ತೆ ಹೊರಗಿನ ಅಂಚಿಗೆ. ಇದು ಡ್ರೈವರಿಗೆ ಯಾರೂ ಹೇಳಿಕೊಡಬೇಕಾದ್ದಲ್ಲ. ಉದ್ದದ ಬಸ್ಸನ್ನು ಕಿರಿದಾದ ಬೀದಿಗಳಲ್ಲಿ ತಿರುಗಿಸಿದವನಿಗೆ ರಸ್ತೆಯ ಅಗಲವನ್ನು ಪೂರ್ತಿ ಬಳಸುವುದು ರಕ್ತದಲ್ಲೇ ಇತ್ತು. ಬಂದ ತೊಂದರೆ ಬೇರೆ. ಹಿಂದೆ ಎಂಜಿನ್ನಿನ ಸದ್ದು ಕೇಳಿದೊಡನೆ ಅವನ ಕಣ್ಣು ಹ್ಯಾಂಡಲ್ಲಿನ ತುದಿಗೆ ಓಡುತ್ತಿತ್ತು. ಅಲ್ಲಿ ಕನ್ನಡಿಯಿಲ್ಲ. ಆಗ ಕುತ್ತಿಗೆ ತಿರುಗುತ್ತಿತ್ತು. ಕುತ್ತಿಗೆ ತಿರುಗಿದ ಕಡೆಗೆ ಬೈಕೂ ವಾಲುತ್ತಿತ್ತು. ಇಪ್ಪತ್ತು ನಿಮಿಷದ ಸರದಿ ಮುಗಿದು ಹೊರಗೆ ಬಂದಾಗ ಅವನ ಕುತ್ತಿಗೆ ಮರದ ತುಂಡಾಗಿತ್ತು.

"ನಲವತ್ತು ಸಲ ತಿರುಗಿದ್ರಿ," ಎಂದರು ಡಾಕ್ಟರು. "ಹಿಂದೆ ಏನು ಸಿಕ್ತು?"

"ಏನೂ ಇಲ್ಲ ಸಾರ್."

"ಹಾಗಾದ್ರೆ ಮುಂದಿನ ಸರದೀಲಿ ಹುಡುಕ್ಬೇಡಿ."

ಎರಡನೆಯ ಸರದಿಯಲ್ಲಿ ಅವನು ಕುತ್ತಿಗೆಯನ್ನು ಬಿಗಿಹಿಡಿದ. ನಿಜಕ್ಕೂ ಬಿಗಿಹಿಡಿದ, ಮೂರು ಸುತ್ತು ತಿರುಗಲೇ ಇಲ್ಲ. ಆದರೆ ಕಣ್ಣಿನ ಕೆಲಸವನ್ನೆಲ್ಲ ಕಿವಿ ವಹಿಸಿಕೊಂಡಿತು. ನಾಲ್ಕನೆಯ ಸುತ್ತಿನಲ್ಲಿ, ಉದ್ದನೆಯ ತಿರುವಿಗೆ ಇಳಿಯುವ ಮುಂಚೆ, ಹಿಂದೆ ದೊಡ್ಡ ಎಂಜಿನ್ನೊಂದು ಗುಡುಗುತ್ತ ಹತ್ತಿರವಾಯಿತು. ಆಗ ಅವನು ಮಾಡಿದ್ದು ಇಪ್ಪತ್ತೇಳು ವರ್ಷ ಬಸ್ಸು ಓಡಿಸಿದವನು ಮಾತ್ರ ಮಾಡುವಂಥದ್ದು. ವೇಗ ಇಳಿಸಿದ, ಸ್ಟಾಪಿಗೆ ಬಸ್ಸು ಹಚ್ಚುವ ಹಾಗೆ ಅಚ್ಚುಕಟ್ಟಾಗಿ ಅಂಚಿಗೆ ಸರಿದ, ಒಂದು ಕೈ ಚಾಚಿ, ಹೋಗಪ್ಪ ಹೋಗು ಎಂದು ದಾರಿ ತೋರಿಸಿದ.

ಹಿಂದಿನವನು ಒಬ್ಬ ಬೇಕರಿಯವನು, ಒಳ್ಳೆಯ ಗಟ್ಟಿ ಆಳು. ಮುಂದಿನವನು ನೇರ ಹೋಗುತ್ತಾನೆಂದು ನಂಬಿ ಅದೇ ಅಂಚಿನಿಂದ ದಾಟಲು ಬಂದಿದ್ದ. ಈಗ ಆ ಜಾಗದಲ್ಲಿ ಕೈ ಬೀಸುತ್ತಿರುವ ಡ್ರೈವರು. ಬೇಕರಿಯವನು ಬೈಕನ್ನು ಹೊರಗೆ ಎಳೆದು, ಟಾರು ಬಿಟ್ಟು ಜಲ್ಲಿಗೆ ನುಗ್ಗಿ, ಅದು ಹೇಗೋ ಬೀಳದೆ, ಮೊಣಕಾಲಿನವರೆಗೆ ಧೂಳು ಎಬ್ಬಿಸಿಕೊಂಡು ನಿಂತ. ಮುಂದಿನ ತಿರುವಿನಲ್ಲಿ ಕಪ್ಪು ಬಾವುಟ, ಅವನ ಕಡೆಗೇ ಬೆರಳು.

ಬೇಕರಿಯವನು ಹೆಲ್ಮೆಟ್ ತೆಗೆಯುತ್ತಲೇ ಶುರುಮಾಡಿದ. "ಏನ್ರೀ ಅದು! ಟ್ರಾಫಿಕ್ ಪೊಲೀಸಾ ನೀವು? ಕೈ ಬೀಸ್ತೀರಾ?"

"ದಾರಿ ಬಿಟ್ಟೆ ಕಣಪ್ಪ," ಎಂದ ಡ್ರೈವರು. "ನಿಮಗೆ ಅವಸರ ಇತ್ತು ಅಂತ..."

"ನಾನು ಕೇಳಿದ್ನಾ?"

ಡಾಕ್ಟರು ನಡುವೆ ಬಂದು ಬೇಕರಿಯವನನ್ನು ನೀರು ಕುಡಿಯಲು ಕಳಿಸಿದರು. ಈ ಸಲ ಅವರ ಮುಖದಲ್ಲಿ ನಗುವಿರಲಿಲ್ಲ. "ನಿಮ್ಮ ಒಳ್ಳೇತನ ಇಲ್ಲಿ ಒಬ್ಬರ ಜೀವ ತೆಗೆಯುತ್ತೆ. ಹಿಂದಿರೋನು ನೀವು ಮುಂದೆ ನೋಡ್ತೀರಿ ಅಂತ ನಂಬಿ ಬರ್ತಾನೆ. ಆ ನಂಬಿಕೆ ಉಳಿಸ್ಕೊಳ್ಳಿ, ಸಾಕು. ಎಲ್ಲರನ್ನೂ ನೀವೇ ಕಾಪಾಡೋಕೆ ಹೋಗ್ಬೇಡಿ. ಇನ್ನೊಂದು ಸಲ ಹೀಗಾದ್ರೆ ಇವತ್ತಿಗೆ ಮುಗೀತು."

ಡ್ರೈವರು ಶೆಡ್ಡಿನ ಮೂಲೆಯಲ್ಲಿ ಟೈರುಗಳ ಮೇಲೆ ಹೋಗಿ ಕೂತ. ನಾಚಿಕೆಯಾಗಿತ್ತು, ಭಯವೂ ಆಗಿತ್ತು. ಹೆಚ್ಚಾಗಿ, ಮಂಗಳವಾರದ ಪರೀಕ್ಷೆ ಈಗಲೇ ಮುಗಿದುಹೋದ ಹಾಗೆ ಅನ್ನಿಸಿತು. ಇನ್ನೊಬ್ಬ ತನ್ನಿಂದ ಚಕ್ರದ ಕೆಳಗೆ ಹೋಗುವವನಿದ್ದ. ಅದೂ ಈ ಸಲ ಎಲ್ಲ ಒಳ್ಳೆಯದನ್ನೇ ಮಾಡಲು ಹೋಗಿ.

ಮಗಳು ಬಂದು ಪಕ್ಕದಲ್ಲಿ ಕೂತಳು.

"ಮನೆಗೆ ಹೋಗೋಣ," ಎಂದ.

"ಇನ್ನೊಂದು ಸರದಿ. ನಿನ್ನ ಹಿಂದೆ ನಾನೇ ಇರ್ತೀನಿ. ಯಾರೇ ಬಂದ್ರೂ ಮೊದಲು ನನ್ನ ದಾಟಿ ಬರಬೇಕು. ನೀನು ನೋಡಬೇಕಾದ್ದನ್ನೆಲ್ಲ ನಾನು ನೋಡ್ಕೋತೀನಿ. ನಿಂಗೆ ನನ್ನ ಮೇಲೂ ನಂಬಿಕೆ ಇಲ್ವಾ?"

ಇದು ಸರಿಯಾದ ಪೆಟ್ಟು. ಅವನು ಹೆಲ್ಮೆಟ್ ಎತ್ತಿಕೊಂಡ.

ಮೂರನೆಯ ಸರದಿಯ ಮೊದಲ ಎರಡು ಸುತ್ತು ಹಿಂದೆ ಕೇಳಿಸುತ್ತಿದ್ದ ಸದ್ದು ಮಗಳ ಬೈಕಿನದು. ಅವಳು ಆ ಎಂಜಿನ್ನನ್ನು ಬಿಚ್ಚಿ ಕಟ್ಟುವುದನ್ನು ಅವನು ವಾರಗಟ್ಟಲೆ ನೋಡಿದ್ದ. ನೂರು ಬೈಕಿನ ನಡುವೆಯೂ ಆ ಸದ್ದು ಗುರುತಾಗುತ್ತಿತ್ತು. ಅದು ಒಂದೇ ದೂರದಲ್ಲಿ, ಒಂದೇ ಹದದಲ್ಲಿ ಬರುತ್ತಿತ್ತು. ಮೂರನೆಯ ಸುತ್ತಿನಲ್ಲಿ ಅವನು ಆ ಸದ್ದನ್ನು ಕೇಳಿಸಿಕೊಳ್ಳುವುದನ್ನೂ ಮರೆತ. ಉದ್ದನೆಯ ತಿರುವಿಗೆ ಬಂದಾಗ ಕೋನು ಕಂಡಿತು, ಕೋನಿನಾಚೆ ಅಂಚು ಕಂಡಿತು, ಅಂಚಿನಾಚೆ ನೇರ ರಸ್ತೆ ಪೂರ್ತಿ ಬಿಚ್ಚಿಕೊಂಡಿತು. ಎಷ್ಟು ತಿಂಗಳಾಗಿತ್ತು ಇಷ್ಟು ಮುಂದಕ್ಕೆ ನೋಡಿ! ಬೈಕು ತಾನಾಗಿ ಒಳಗೆ ವಾಲಿ ತಾನಾಗಿ ಎದ್ದಿತು. ಬೇಕರಿಯವನು ನೇರ ರಸ್ತೆಯಲ್ಲಿ ಪಕ್ಕದಿಂದ ಭರ್ರನೆ ದಾಟಿಹೋದ. ಡ್ರೈವರು ಸರಿಯಲಿಲ್ಲ, ಕೈ ಬೀಸಲಿಲ್ಲ, ತನ್ನ ಪಾಡಿಗೆ ಹೋದ. ಹೆಲ್ಮೆಟಿನೊಳಗೆ ಅವನು ಗಟ್ಟಿಯಾಗಿ ನಗುತ್ತಿದ್ದ. ಬೆಳಗಿನ ಮೊದಲ ಟ್ರಿಪ್ಪಿನ ಖುಷಿ ಅದು, ಕಳೆದುಹೋಯಿತು ಅಂದುಕೊಂಡಿದ್ದದ್ದು.

ಐದನೆಯ ಸುತ್ತಿನಲ್ಲಿ, ಆ ಉದ್ದನೆಯ ತಿರುವಿನಿಂದ ಹೊರಬರುವಾಗಲೇ, ಹಿಂದೆ ಕರಕರ ಎಂದು ಲೋಹ ಟಾರಿಗೆ ಉಜ್ಜಿದ ಸದ್ದು ಕೇಳಿಸಿತು. ಅವನ ಕುತ್ತಿಗೆ ಒಂದು ಕೂದಲೆಳೆಯಷ್ಟು ಅಲುಗಿತು. ತಿರುಗಲಿಲ್ಲ. ಮುಂದೆ ನೋಡಿದ. ಬಾವುಟದವರು ನಿಲ್ಲುವ ಮುಂದಿನ ಕಟ್ಟೆಯಲ್ಲಿ ಕೆಂಪು ಬಾವುಟ ಬೀಸುತ್ತಿದ್ದರು. ಹೇಳಿಕೊಟ್ಟ ಹಾಗೆ ವೇಗ ಇಳಿಸಿ, ಕೈ ಎತ್ತಿ, ಒಂದು ತಪ್ಪೂ ಮಾಡದೆ ಶೆಡ್ಡಿಗೆ ಬಂದು ನಿಂತ. ಹೆಮ್ಮೆಯಿಂದ ಹೆಲ್ಮೆಟ್ ತೆಗೆದು, ಮಗಳಿಗೆ ಹೇಳಬೇಕೆಂದು ಕಾದ. ಒಬ್ಬೊಬ್ಬರಾಗಿ ಬಂದರು. ಬೇಕರಿಯವನು ಬಂದ, ಡಾಕ್ಟರು ಬಂದರು, ಕೊನೆಯವನೂ ಬಂದ. ಆಮೇಲೆ ಯಾರೂ ಬರಲಿಲ್ಲ. ಆಂಬುಲೆನ್ಸು ಟ್ರ್ಯಾಕಿನೊಳಗೆ ಹೋಯಿತು.

ಅವನು ಬಗ್ಗಿಕೊಂಡೇ ಆ ಕಡೆ ಓಡಿದ.

ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಅವಳು ಮಂಚದ ಮೇಲೆ ಕೂತಿದ್ದಳು. ಉಡುಪಿನ ಒಂದು ತೋಳು ಸವೆದು ಬಿಳಿಯಾಗಿತ್ತು, ಕೂದಲಲ್ಲಿ ಹುಲ್ಲು, ಮುಖದ ತುಂಬ ಮಣ್ಣು. ಅಲ್ಲಿನ ವೈದ್ಯೆ ಅವಳ ತೋಳನ್ನು ಎದೆಗೆ ಸೇರಿಸಿ ಪಟ್ಟಿ ಕಟ್ಟುತ್ತಿದ್ದರು. "ಭುಜದ ಮುಂದಿನ ಮೂಳೆ. ಮುರಿದಿರಬಹುದು, ಎಕ್ಸ್‌ರೇ ತೆಗೆಸ್ಬೇಕು," ಎಂದರು. "ತಲೆಗೆ, ಬೆನ್ನಿಗೆ ಏನೂ ಆಗಿಲ್ಲ. ಗಾಬರಿ ಬೇಡ."

ಡ್ರೈವರು ಬಾಗಿಲಲ್ಲೇ ನಿಂತಿದ್ದ. "ನಾನು ನೋಡಲಿಲ್ಲ," ಎಂದ.

"ಗೊತ್ತು ಅಪ್ಪ. ಅದನ್ನೇ ನೋಡ್ತಿದ್ದೆ." ಅವಳು ನಗಲು ಹೋಗಿ ನೋವಿಗೆ ಮುಖ ಕಿವುಚಿದಳು. "ಐದು ಸುತ್ತಿಂದ ನಿನ್ನ ಹೆಲ್ಮೆಟನ್ನೇ ನೋಡ್ತಾ ಬಂದೆ, ಈಗ ತಿರುಗ್ತಾನಾ, ಈಗ ತಿರುಗ್ತಾನಾ ಅಂತ. ತಿರುವು ಬಂದಿದ್ದು ಗೊತ್ತೇ ಆಗ್ಲಿಲ್ಲ. ಡಾಕ್ಟರು ನಂಗೆ ಬೈಬೇಕು, ನಿಂಗಲ್ಲ."

"ಸದ್ದು ಕೇಳ್ತು. ಆದ್ರೂ ನೋಡಲಿಲ್ಲ."

"ನೋಡಿದ್ರೆ ಏನಾಗ್ತಿತ್ತು?"

ಅವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

"ಹೇಳು. ನೀನು ತಿರುಗಿ ನೋಡಿದ್ರೆ ನಾನು ಬೀಳ್ತಿರಲಿಲ್ವಾ? ಬೀಳ್ತಿದ್ದೆ. ನೀನೂ ಬೀಳ್ತಿದ್ದೆ. ಅಮ್ಮಂಗೆ ಇಬ್ಬರ ಸೇವೆ ಆಗ್ತಿತ್ತು, ಅಷ್ಟೇ."

ಡ್ರೈವರು ಒಳಗೆ ಬಂದು ಸ್ಟೂಲಿನ ಮೇಲೆ ಕೂತ. ಆ ಉಡುಪಿನಲ್ಲಿ ನೆಟ್ಟಗೆ ಕೂರಲಾಗದೆ ಮುಂದಕ್ಕೆ ಬಗ್ಗಿದ್ದ. ವೈದ್ಯೆ ಚೀಟಿ ಬರೆಯಲು ಆಚೆ ಹೋದರು.

"ಅವತ್ತು ನೋಡಿದ್ದೆ," ಎಂದ.

"ಯಾವತ್ತು?"

"ಅವತ್ತು. ಕನ್ನಡಿ ನೋಡಿಯೇ ಗಾಡಿ ಎತ್ತಿದ್ದು. ಅವನು ಕಾಣಿಸಿದ. ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಹ್ಯಾಂಡಲ್ಲು. ಬಸ್ಸಿಂದ ಒಂದು ಮಾರು ದೂರದಲ್ಲಿ ನೆಟ್ಟಗೆ ಹೋಗ್ತಿದ್ದ. ಎಲ್ಲ ಸರಿಯಾಗಿತ್ತು. ಸರಿಯಾಗಿದೆ ಅಂತ ನೋಡ್ಕೊಂಡು, ಮುಂದೆ ನೋಡಿದೆ. ಅಷ್ಟರಲ್ಲಿ..."

ಮಗಳು ತಬ್ಬಿಬ್ಬಾಗಿ ಅವನನ್ನೇ ನೋಡಿದಳು. "ಮತ್ತೆ ಎಲ್ಲರಿಗೂ ನೋಡಲಿಲ್ಲ, ನೋಡಲಿಲ್ಲ ಅಂತ ಹೇಳ್ಕೊಂಡು ತಿರುಗಿದ್ಯಲ್ಲ, ಯಾಕೆ?"

"ನೋಡಲಿಲ್ಲ ಅಂದ್ರೆ, ಇನ್ಮೇಲೆ ನೋಡಿದ್ರೆ ಆಯ್ತು. ತಪ್ಪು ನಂದು, ತಿದ್ಕೋತೀನಿ ಅನ್ನಬಹುದು." ಅವನು ತನ್ನ ಅಂಗೈ ನೋಡಿಕೊಂಡ. "ನೋಡಿಯೂ ಹಾಗಾಯ್ತು ಅಂದ್ರೆ? ಎಲ್ಲ ಸರಿ ಮಾಡಿಯೂ ಒಬ್ಬನ ಕಾಲು ಹೋಯ್ತು ಅಂದ್ರೆ ಮತ್ತೆ ಗಾಡಿ ಓಡಿಸೋದು ಹೇಗೆ, ಹೇಳು? ಅದಕ್ಕೇ ನೋಡಲಿಲ್ಲ ಅಂದೆ. ಹೇಳ್ತಾ ಹೇಳ್ತಾ ನಾನೇ ನಂಬಿಬಿಟ್ಟೆ."

ಅವನು ಅತ್ತ. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ವಿಚಾರಣೆಯಲ್ಲಿ ಅತ್ತಿರಲಿಲ್ಲ. ಈಗ ಚರ್ಮದ ತೋಳಿನಲ್ಲಿ ಕಣ್ಣೊರೆಸಿಕೊಳ್ಳಲು ಹೋದರೆ ಅದು ನೀರು ಹೀರದೆ ಮುಖದ ತುಂಬ ಹರಡಿತು. ಮಗಳಿಗೆ ಆಡುತ್ತಿದ್ದದ್ದು ಒಂದೇ ಕೈ. ಅದನ್ನು ಅವನ ತಲೆಯ ಮೇಲಿಟ್ಟು, ಅವನು ಅಳುವಷ್ಟು ಹೊತ್ತೂ ಹಾಗೆಯೇ ಇಟ್ಟಿದ್ದಳು.

ವೈದ್ಯೆ ಚೀಟಿ ಹಿಡಿದು ಬಂದರು, ಹಿಂದೆಯೇ ಹಲ್ಲಿನ ಡಾಕ್ಟರೂ ಬಂದರು. ಆಸ್ಪತ್ರೆ ಹದಿನಾಲ್ಕು ಕಿಲೋಮೀಟರು. ಇರುವ ಆಂಬುಲೆನ್ಸು ಒಂದೇ. ಅದು ಹೊರಗೆ ಹೋದರೆ ನಿಯಮದ ಪ್ರಕಾರ ಟ್ರ್ಯಾಕು ಮುಚ್ಚಬೇಕು. "ಅವಸರದ ಕೇಸಲ್ಲ, ವ್ಯಾನಲ್ಲೇ ಹೋಗಬಹುದು. ನಿಮ್ಮ ವ್ಯಾನು ಯಾರು ಓಡಿಸ್ತಾರೆ?" ಎಂದು ಕೇಳಿದರು ಡಾಕ್ಟರು. "ಬೇಕರಿಯವರನ್ನ ಕಳಿಸ್ಲಾ? ಬರ್ತಾರೆ ಅವರು, ಒಳ್ಳೆ ಮನುಷ್ಯ."

ಮಗಳು ಅಪ್ಪನ ಕಡೆ ನೋಡಲಿಲ್ಲ. ಬೇಕೆಂದೇ ಗೋಡೆ ನೋಡುತ್ತ ಕೂತಳು.

"ಬೇಡ ಸಾರ್," ಎಂದ ಡ್ರೈವರು. ಎದ್ದು, ಎದೆಯ ಜಿಪ್ಪು ಎಳೆದು, ಆ ಉಡುಪಿನಿಂದ ಕಷ್ಟಪಟ್ಟು ಹೊರಗೆ ಬಂದ. "ಕೀ ಎಲ್ಲಿದೆ?"

ವ್ಯಾನಿನ ಸೀಟನ್ನು ಹಿಂದಕ್ಕೆ ಸರಿಸಿದ, ತನ್ನ ಕಡೆಯ ಕನ್ನಡಿಯನ್ನು ತನಗೆ ಬೇಕಾದ ಹಾಗೆ ತಿರುಗಿಸಿಕೊಂಡ, ಮಗಳು ಕೂತ ಕಡೆಯದನ್ನು ಇಳಿದು ಹೋಗಿ ಸರಿಮಾಡಿ ಬಂದ. ಬೆಲ್ಟು ಅವಳ ಮುರಿದ ಮೂಳೆಗೆ ತಾಗದಂತೆ ನಡುವೆ ಒಂದು ಟವೆಲು ಮಡಿಸಿಟ್ಟ. ಪ್ಯಾಂಟಿಗೆ ಎರಡೂ ಕೈ ಒರೆಸಿಕೊಂಡ. ಗೇಟಿನ ಆಚೆಯ ರಸ್ತೆಗೆ ಬಂದಾಗ ದೂರದಲ್ಲಿ ಒಬ್ಬ ಸೈಕಲ್ಲಿನವನು ಹೋಗುತ್ತಿದ್ದ, ಕ್ಯಾರಿಯರಿನಲ್ಲಿ ಒಂದು ಮೂಟೆ ಕಟ್ಟಿಕೊಂಡು. ಮಗಳ ಮೈ ಬಿಗಿಯಾದದ್ದು ಅವನಿಗೆ ತಿಳಿಯಿತು. ಹೆದರಿಕೆ ಹೋಗಿರಲಿಲ್ಲ.

ಹಾರ್ನು ಒತ್ತಿದ. ಸೈಕಲ್ಲಿಗೆ ಬೇಕಾದಷ್ಟು ಜಾಗ ಬಿಟ್ಟು ದಾಟಿದ. ದಾಟಿದ ಮೇಲೆ ಒಂದು ಸಲ, ಒಂದೇ ಸಲ, ಕನ್ನಡಿ ನೋಡಿದ. ಸೈಕಲ್ಲಿನವನು ತನ್ನ ಪಾಡಿಗೆ ನೆಟ್ಟಗೆ ಬರುತ್ತಿದ್ದ. ಇನ್ನೊಂದು ಕ್ಷಣದಲ್ಲಿ ಅವನು ಬೀಳಬಹುದು, ಬೀಳದೆಯೂ ಇರಬಹುದು. ಡ್ರೈವರು ಅಲ್ಲಿಂದ ಕಣ್ಣು ತೆಗೆದು ರಸ್ತೆ ನೋಡಿದ.

"ನೋವಾಗ್ತಿದ್ಯಾ?" ಎಂದು ಕೇಳಿದ.

"ಗುಂಡಿ ಬಂದ್ರೆ ಮಾತ್ರ."

"ಗುಂಡಿ ನಾನು ನೋಡ್ಕೋತೀನಿ," ಎಂದು ಗೇರು ಬದಲಾಯಿಸಿದ.